ತಾನಿಸಿಗೆ ಉತ್ತರ

ಬ್ಯಾನಕ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಫಿಲೊಮೆನ್ ಅಜ್ಜಿಯ ಕೈ ಥಟ್ಟನೆ ನಿಂತಿತು. ಶಾಲೆಯ ಚೀಲ ಬೆನ್ನಿಗೇರಿಸಿಕೊಂಡ ಮೊಮ್ಮಗಳು ಶೇಲಿನ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಾನಿಸಿ, ಕೋಕುಮ್!" ಎಂದು ಕೂಗಿದ್ದಳು. ಹೇಗಿದ್ದೀ ಅಜ್ಜಿ, ಅಂತ. ಅವರ ಮೂಲನಿವಾಸಿ ಜನರದೇ ಆದ ಕ್ರೀ ಮಾತಿನಲ್ಲಿ.

ಅಜ್ಜಿ ಹಿಟ್ಟಿನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕಪ್ಪು ಲಂಗಕ್ಕೆ ಬಿಳಿ ಮೆತ್ತಿತು.

"ಗುಡ್ ಮಾರ್ನಿಂಗ್ ಅನ್ನು, ಸಾಕು."

"ಹಾಗಲ್ಲ ಕೋಕುಮ್! ನೀನು 'ನಮೋಯ ನಾಂತಾವ್' ಅನ್ಬೇಕು. ಚೆನ್ನಾಗಿದ್ದೀನಿ ಅಂತ. ಇವತ್ತು ಶಾಲೆಗೆ ಎಲ್ಲರ ಕೋಕುಮ್‌ಗಳೂ ಬರ್ತಾರೆ. ನಾವು ಕೇಳ್ತೀವಿ, ನೀವು ಹೇಳ್ತೀರಿ. ಅಷ್ಟೇ."

"ಎದುರುಮನೆ ಸೆಲೆಸ್ಟಿನ್‌ನ ಕರ್ಕೊಂಡು ಹೋಗು. ಅವಳ ಬಾಯಲ್ಲಿ ಹಲ್ಲೇ ಇಲ್ಲ, ಮಾತು ಸಲೀಸಾಗಿ ಹೊರಗೆ ಬೀಳುತ್ತೆ."

ಶೇಲಿನ್ ನಗಲಿಲ್ಲ. "ಹಾಗಾದ್ರೆ ನಾನೊಬ್ಬಳೇ ಸುಮ್ನೆ ನಿಂತ್ಕೊಳ್ಲಾ?"

ಒಲೆಯ ಬಳಿ ಚಹಾ ಬಗ್ಗಿಸುತ್ತಿದ್ದ ಅವಳ ತಾಯಿ ವರ್ನಾ ತಿರುಗಿ ನೋಡಿದಳು. ತನ್ನ ಅಮ್ಮ ಫಿಲೊಮೆನ್‌ಳನ್ನು ಆರನೇ ವಯಸ್ಸಿಗೇ ಪಾದ್ರಿಗಳ ಇಂಗ್ಲಿಷ್ ವಸತಿಶಾಲೆಗೆ ಬಲವಂತವಾಗಿ ಒಯ್ದಿದ್ದರೆಂದು ಅವಳಿಗೆ ಗೊತ್ತು. ಅಷ್ಟೇ ಗೊತ್ತು. ತನ್ನನ್ನು ಬರೀ ಇಂಗ್ಲಿಷಿನಲ್ಲೇ ಬೆಳೆಸಿದ್ದು ಯಾಕೆಂದು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅಮ್ಮ ಒಡೆದುಹೋದಾಳು ಎಂಬ ಭಯ.

"ಬಿಡು ಕಂದಾ, ವ್ಯಾನ್ ಬರೋ ಹೊತ್ತಾಯ್ತು," ಎಂದಳು.

ಶೇಲಿನ್ ಬಿಡಲಿಲ್ಲ. ಅಜ್ಜಿಯ ಹತ್ತಿರ ಹೋಗಿ, ಮುಖವೆತ್ತಿ, ಈ ಸಲ ಮೆಲ್ಲಗೆ ಕೇಳಿದಳು: "ತಾನಿಸಿ, ಕೋಕುಮ್?"

ಅಜ್ಜಿಯ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬಂತು. ಆಮೇಲೆ, ಯಾರಿಗಾದರೂ ಕೇಳಿಸೀತು ಎಂಬಂತೆ ಪಿಸುದನಿಯಲ್ಲಿ, "ನಮೋಯ ನಾಂತಾವ್, ನೋಸಿಸಿಮ್," ಎಂದಳು. ಚೆನ್ನಾಗಿದ್ದೀನಿ, ನನ್ನ ಮೊಮ್ಮಗಳೇ. ಅಮ್ಮನ ಬಾಯಲ್ಲಿ ಆ ಭಾಷೆಯನ್ನು ವರ್ನಾ ಕೇಳಿದ್ದು ಅದೇ ಮೊದಲು. ಎಷ್ಟು ಮೆತ್ತಗಿತ್ತು ಆ ದನಿ!

ಹೇಳಿ ಮುಗಿಸಿದ್ದೇ ತಡ, ಅಜ್ಜಿ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು, ಎರಡೂ ಅಂಗೈಗಳನ್ನು ಮೇಲೆ ಮಾಡಿ ಚಾಚಿ ಹಿಡಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಕಾಯುತ್ತಿದ್ದಳು.

ವರ್ನಾ ನೆಲ ನೋಡಿದಳು. ಹೊರಗೆ ಹಿಮದಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಶೇಲಿನ್ ಮಾತ್ರ, ಹಿಟ್ಟು ಮೆತ್ತಿದ ಆ ಅಂಗೈಗಳನ್ನೇ ನೋಡುತ್ತಿದ್ದಳು.

"ಕೋಕುಮ್, ನಿಂಗೆ ಯಾರು ಹೊಡೀತಿದ್ರು?"