ತೋಳಿನ ಗುರುತು

ಠಾಣೆಗೆ ಬಂದ ಹೆಂಗಸಿನ ತೋಳಿನ ಮೇಲೆ ಬೆರಳಿನ ಗುರುತುಗಳು ಕೆಂಪಗೆ ಮೂಡಿದ್ದವು. ಅದನ್ನು ನೋಡಿಯೇ ಹೆಡ್ ಕಾನ್‌ಸ್ಟೆಬಲ್ ನಾಗವೇಣಿಗೆ ಮೈ ಉರಿಯಿತು. ಕೂರಿಸಿ ನೀರು ಕೊಟ್ಟಳು. ಹೆಸರು ಮಂದಾಕಿನಿ ಅಂತ ತಿಳಿಯಿತು.

"ಯಾರು ಮಾಡಿದ್ದು? ಗಂಡನಾ?"

"ಅಲ್ಲ ಮೇಡಂ. ಅವನು ಯಾರೋ ಗೊತ್ತಿಲ್ಲ. ಹಿಂದಿನಿಂದ ಬಂದು ತೋಳು ಹಿಡಿದು ಎಳೆದ. ಬಿಡು ಅಂತ ಕೂಗಿಕೊಂಡೆ, ಬಿಡಲಿಲ್ಲ."

"ಒಪ್ಪಿಗೆ ಇಲ್ಲದೆ ಮೈ ಮುಟ್ಟೋದೇ ಅಪರಾಧ. ಅವನನ್ನ ಸುಮ್ಮನೆ ಬಿಡಲ್ಲ. ಆಮೇಲೆ ಏನು ಮಾಡಿದ?"

"ನಾನು ನಡುಗೋದು ನಿಲ್ಲೋವರೆಗೂ ಹಿಡಿದುಕೊಂಡೇ ಇದ್ದ."

ನಾಗವೇಣಿ ತಲೆಯೆತ್ತಿ ನೋಡಿದಳು. ಮಂದಾಕಿನಿ ಆ ಗುರುತುಗಳನ್ನು ಮೆಲ್ಲಗೆ ಸವರಿಕೊಳ್ಳುತ್ತಿದ್ದಳು.

"ಎದುರಿಗೆ ತಂದು ನಿಲ್ಲಿಸಿದರೆ ಗುರುತು ಹಿಡೀತೀರಾ?"

"ಹಿಡೀತೀನಿ. ಆದರೆ ಅವನಿಗೆ ಏನೂ ಮಾಡಬೇಡಿ."

"ಮತ್ತೆ ದೂರು ಕೊಡೋಕೆ ಯಾಕೆ ಬಂದಿರಿ?"

ಮಂದಾಕಿನಿ ನೀರಿನ ಲೋಟ ಕೆಳಗಿಟ್ಟಳು.

"ನನ್ನನ್ನ ಹಳಿ ಮೇಲಿಂದ ಈಚೆಗೆ ಎಳೆದು ಹಾಕಿದವನು, ರೈಲು ದಾಟಿ ಹೋದಮೇಲೆ, 'ಇನ್ನು ನಿಮ್ಮವರ ಹತ್ತಿರ ಹೋಗಿ' ಅಂತ ಹೇಳಿ ಹೊರಟುಬಿಟ್ಟ. ಯಾರ ಹತ್ತಿರ ಹೋಗಬೇಕೋ ತಿಳೀಲಿಲ್ಲ ಮೇಡಂ, ಇಲ್ಲಿಗೆ ಬಂದೆ."