ಹಚ್ಚೆ ಇಲ್ಲದ ಕೈ

"ಕಣ್ಣು ಅಗಲಿಸಮ್ಮಿ! ಇನ್ನೂ ಅಗಲಿಸು!"

ಇದ್ದೊಂದು ಬಸ್ಸಿನಲ್ಲಿ ಚಂದಕವಾಡಿಗೆ ಬಂದಿಳಿದ ಸೋಮಮ್ಮ ಕಾಲಿಗೆ ನೀರೂ ಹಾಕಿಕೊಳ್ಳದೆ ಮೊಮ್ಮಗಳು ಚಾಮುಂಡಿಯನ್ನು ಜಗಲಿಯ ಬಿಸಿಲಿಗೆ ಎಳೆದು ತಂದಳು. ರೆಪ್ಪೆ ಎತ್ತಿ ನೋಡಿದಳು, ಉಗುರು ನೋಡಿದಳು, ನಾಲಿಗೆ ಚಾಚಿಸಿದಳು. ಎಲ್ಲಿಯೂ ಹಳದಿ ಇರಲಿಲ್ಲ. ಆದರೂ ಮುದುಕಿ ಮತ್ತೆ ರೆಪ್ಪೆ ಎತ್ತಿ ನೋಡಿದಳು.

ಪಕ್ಕದ ಮನೆಯ ಮಂಗಮ್ಮನಿಗೆ ಕಾಮಾಲೆ. ಅವಳ ಜೊತೆಗೆಂದು ಸೋಮಮ್ಮ ಚಾಮರಾಜನಗರದ ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರು ಮಂಗಮ್ಮನ ಮುಂಗೈಯ ಹೊಸ ಹಚ್ಚೆ ನೋಡಿ, "ಇದನ್ನು ಹಾಕಿದ ಸೂಜಿಯಲ್ಲೇ ಆಮೇಲೆ ಬೇರೆ ಯಾರಿಗಾದರೂ ಚುಚ್ಚಿದರಾ?" ಎಂದು ಕೇಳಿದ್ದರು. "ಚುಚ್ಚಿಸಿಕೊಳ್ಳುವಾಗಲೇ ಇವರ ರಕ್ತದಲ್ಲಿ ಕಾಮಾಲೆ ಇದ್ದಿರಬೇಕು ತಾಯಿ. ಬೇಯಿಸದ ಸೂಜಿ ಒಬ್ಬರದ್ದನ್ನು ಇನ್ನೊಬ್ಬರ ರಕ್ತಕ್ಕೆ ದಾಟಿಸುತ್ತೆ. ಈಗ ಕಾಣದಿದ್ದರೂ ಎರಡು ಮೂರು ತಿಂಗಳು ಬಿಟ್ಟು ಕಾಣಬಹುದು." ಸುಧಾರಿಸಿಕೊಂಡರೆ ಮಂಗಮ್ಮ ಎದ್ದು ಓಡಾಡುತ್ತಾಳೆ ಎಂದೂ ಅವರು ಹೇಳಿದರು. ಅದು ಸೋಮಮ್ಮನ ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ. ಚಾಮುಂಡಿಯ ತಾಯಿಯನ್ನು, ತನ್ನ ಒಬ್ಬಳೇ ಮಗಳನ್ನು, ಕಾಮಾಲೆಗೇ ಕೊಟ್ಟವಳು ಅವಳು.

ಹೋದ ಅಮಾವಾಸ್ಯೆಯ ಮಾರನೆಯ ದಿನ, ಹಚ್ಚೆ ಹುಯ್ಯುವ ಸಣ್ಣತಾಯಮ್ಮ ಮಂಗಮ್ಮನ ಕೈ ಮುಗಿಸಿ, ಸೂಜಿಯನ್ನು ಸೆರಗಿಗೆ ಒರೆಸಿಕೊಂಡು ನೇರ ಇವರ ಮನೆಗೇ ಬಂದಿದ್ದಳು. ಮೊಮ್ಮಗಳಿಗೆ ಮದ್ದೂರಿನಲ್ಲಿ ಮದುವೆ ಗೊತ್ತಾಗಿತ್ತು; ಅದಕ್ಕೇ ಕರೆಸಿದವಳು ಸೋಮಮ್ಮ. ಮುಳ್ಳು ಚುಚ್ಚಿದರೆ ಊರು ಒಂದು ಮಾಡುವ ಚಾಮುಂಡಿ ಬೇಡವೇ ಬೇಡ ಎಂದಿದ್ದಳು. "ಅಚ್ಚೆ ಇಲ್ದಿರೋ ಕೈಲಿ ನೀರು ಕೊಟ್ರೆ ಮದ್ದೂರಲ್ಲಿ ನಿನ್ನ ಅತ್ತೆ ಮುಟ್ಟಾಳಾ? ನಾನೇ ಮುಟ್ಟಲ್ಲ ಕಣಮ್ಮಿ!" ಎಂದು ಸೋಮಮ್ಮ ಪಟ್ಟು ಹಿಡಿದಿದ್ದಳು. ಆಮೇಲೆ ಮೊಮ್ಮಗಳ ಅರಚಾಟ ತಡೆಯಲಾರದೆ, ಕಿವಿಗೆ ಸೆರಗು ತುರುಕಿಕೊಂಡು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತಿದ್ದಳು.

ಈಗ ಅವಳು ಜಗಲಿಯ ಕಂಬಕ್ಕೆ ಒರಗಿ ಕುಸಿದಳು. "ನನ್ನ ಅಟಾನೇ ನಿನ್ನ ತಿಂದ್ಬುಡ್ತು ಕಣವ್ವ. ನಿಮ್ಮವ್ವನ್ನ ಮಣ್ಣು ಮಾಡ್ದ ಕೈಲೇ ನಿಂಗೂ ಸೂಜಿ ಚುಚ್ಚುಸ್ಬುಟ್ಟೆ." ಅಳು ಒತ್ತರಿಸಿ ಬಂತು. ಬೈಗುಳಕ್ಕೆ ಎಂದೂ ಜಗ್ಗದ ಹುಡುಗಿ ಈ ಅಳುವಿಗೆ ಜಗ್ಗಿದಳು.

"ಅಜ್ಜೀ, ಒಡಿಬ್ಯಾಡ. ಒಂದು ಮಾತು ಏಳ್ತೀನಿ."

"ಏನಮ್ಮಿ? ತಲೆ ಸುತ್ತಾ? ವಾಂತಿಯಾ?"

"ನಂಗೆ ಸೂಜೀನೇ ತಾಕ್ಲಿಲ್ಲ."

ಸೋಮಮ್ಮ ಪಿಳಿಪಿಳಿ ನೋಡಿದಳು. ಚಾಮುಂಡಿ ಹಂಡೆಯ ಬಿಸಿನೀರು ಮೊಗೆದು ತಂದು, ಸೀಗೆಪುಡಿ ಹಾಕಿ ಮುಂಗೈ ಉಜ್ಜಿದಳು. ಚೇಳು, ಬಳ್ಳಿ, ಅದರ ಹೂವು ಎಲ್ಲವೂ ಕಪ್ಪುನೀರಾಗಿ ಅಂಗಳಕ್ಕೆ ಹರಿದುಹೋದವು.

"ದೀಪದ ಮಸಿ, ಅಳ್ಳೆಣ್ಣೆ. ದಿನಾ ಬೆಳಿಗ್ಗೆ ಕಡ್ಡೀಲಿ ಬರ್ಕತಿದ್ದೆ. ನೋಯ್ತದೆ ಅಂತ ನಿನ್ನ ಮುಟ್ಟಕ್ಕೆ ಬುಡ್ತಿರ್ನಿಲ್ಲ."

"ಮತ್ತೆ ಆ ಕಿರುಚಾಟ?"

"'ಇನ್ನೂ ಜೋರಾಗಿ ಕಿರುಚಮ್ಮಿ, ನಿಮ್ಮಜ್ಜಿ ಕೊಟ್ಗೇಲವ್ಳೆ, ಕೇಳ್ಬೇಕು' ಅಂತ ಸಣ್ಣತಾಯಮ್ಮನೇ ಅಂದ್ಳು."

"ಸುಮ್ಸುಮ್ನೆ ಒಪ್ಕಂಡ್ಳಾ ಅವ್ಳು?"

"ಮದ್ವೆಗೆ ತಂದಿದ್ದ ಕುಬುಸದ ಕಣ ಕೊಟ್ಬುಟ್ಟೆ."

ಆ ಕಣವನ್ನು ಇಲಿ ಎಳೆದೊಯ್ದಿತೆಂದು ಸೋಮಮ್ಮ ಅಟ್ಟವನ್ನೆಲ್ಲ ಕೆದಕಿ, ಇಲಿಯ ವಂಶಕ್ಕೇ ಶಾಪ ಹಾಕಿದ್ದಳು. ಈಗ ಅವಳ ಕೈ ಮೇಲೆದ್ದಿತು. ಏಟು ಬಿತ್ತೆಂದು ಚಾಮುಂಡಿ ಕಣ್ಣು ಮುಚ್ಚಿಕೊಂಡಳು. ಬೀಳಲಿಲ್ಲ. ಒರಟು ಬೆರಳುಗಳು ಅವಳ ಮಣಿಕಟ್ಟಿನಿಂದ ಮೊಣಕೈವರೆಗೂ ತಡವಿದವು, ಮತ್ತೆ ತಡವಿದವು. ಒಂದು ಚುಚ್ಚಿದ ಗುರುತೂ ಇಲ್ಲ. ಮುದುಕಿಗೆ ಹೋದ ಜೀವ ಬಂದಂತಾಯಿತು.

"ಕಳ್ಳೀ! ಮೋಸಗಾತೀ! ನೂರೊರ್ಸ ಬಾಳು!" ಎಂದು ಅಳುತ್ತಲೇ ನಕ್ಕಳು. ಮೂಗೊರೆಸಿಕೊಂಡು, "ನಾಳೀಕೆ ಸಣ್ಣತಾಯಮ್ಮನ್ನ ಇಡ್ಕಬೇಕು. ಸೂಜಿ ಕುದಿಸ್ದೆ ಇನ್ನು ಯಾರ ಕೈನೂ ಮುಟ್ಟಂಗಿಲ್ಲ ಅವ್ಳು," ಎಂದಳು.

"ಅಜ್ಜೀ, ಮದ್ದೂರೋರು ನನ್ನ ಕೈ ನೀರು ಕುಡುದಾರಾ?"

ಬೆಳಿಗ್ಗೆಯಿಂದ ಸೋಮಮ್ಮನ ಬಾಯಿಗೆ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. "ಗಂಟ್ಲು ಒಣಗ್ಯದೆ. ನೀರು ತಕ್ಕಬಾ," ಎಂದಳು.

ಚಾಮುಂಡಿ ಚೊಂಬು ತಂದು, ಅಜ್ಜಿಯ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದಳು.

"ಕೆಳಗ್ಯಾಕಮ್ಮಿ ಮಡಗ್ದೆ? ಉಯ್ಯಿ," ಎಂದು ಸೋಮಮ್ಮ ಬೊಗಸೆಯೊಡ್ಡಿದಳು.

ಬೋಳು ಕೈ ಚೊಂಬು ಬಗ್ಗಿಸಿತು. ಮುದುಕಿ ಉಸಿರು ಬಿಡದೆ ಕುಡಿದಳು. ಚೊಂಬು ಬರಿದಾದರೂ ಬೊಗಸೆ ಕೆಳಗಿಳಿಯಲಿಲ್ಲ.

"ಇನ್ನೊಂದು ಚೊಂಬು ತಾ."