ಸುಖದ ಚೀಟಿ

ವಠಾರದ ಹೆಂಗಸರನ್ನು ಸೇರಿಸಿ ಪಂಕಜಕ್ಕ ಒಂದು ಚೀಟಿ ಶುರುಮಾಡಿದ್ದಳು. ಚೀಟಿ ಎದ್ದವಳು ಆ ದುಡ್ಡನ್ನು ತನ್ನ ಸುಖಕ್ಕೆ ಮಾತ್ರ ಖರ್ಚು ಮಾಡಬೇಕು, ಸಂಸಾರಕ್ಕಲ್ಲ ಎಂಬುದೊಂದೇ ಕರಾರು.

ಮೊದಲನೆಯವಳು ಕುಕ್ಕರ್ ಕೊಂಡು, "ನನ್ನ ಸುಖಕ್ಕೇ ಕಣ್ರೇ" ಎಂದಳು. ಚಪ್ಪಾಳೆ ಬಿತ್ತು. ಎರಡನೆಯವಳು ಗಂಡನಿಗೆ ಕನ್ನಡಕ ಮಾಡಿಸಿ, "ಅವ್ರಿಗೆ ಕಣ್ಣು ಕಂಡ್ರೆ ಅದೇ ನಂಗೆ ಸುಖ" ಎಂದಳು. ಇನ್ನೂ ಜೋರು ಚಪ್ಪಾಳೆ.

ಮೂರನೆಯ ಚೀಟಿ ವನಮಾಲಾಗೆ ಎದ್ದಿತು. ಅವಳು ಆಟೋ ಹತ್ತಿ ಹೋಗಿ, ಒಬ್ಬಳೇ ಸಿನಿಮಾ ನೋಡಿ, ಎರಡು ಐಸ್‌ಕ್ರೀಮ್ ತಿಂದು, ಆಟೋದಲ್ಲೇ ಬಂದಳು. ಎಲ್ಲವನ್ನೂ ಬಾಯ್ತುಂಬ ವರ್ಣಿಸಿ ಚಪ್ಪಾಳೆಗೆ ಕಾದಳು.

"ಮಕ್ಳಿಗೂ ತರ್ಲಿಲ್ವೇನೇ?" ಎಂದಳು ಕುಕ್ಕರಿನವಳು.

"ನಿನ್ನ ಸುಖಕ್ಕೆ ಅಂತ ನೀವೇ ಅಂದಿದ್ರಲ್ಲ, ಪಂಕಜಕ್ಕ?"

"ಅಂದಿದ್ವಿ ಕಣೆ. ಹಾಗಂತ ನಿಜವಾಗ್ಲೂ ಸುಖ ಪಟ್ಬಿಡೋದೇ? ಇನ್ನೂರು ರೂಪಾಯಿ ದಂಡ ಕಟ್ಟು. ಇಲ್ದಿದ್ರೆ ಈ ಗುಂಪಲ್ಲಿ ನಿಂಗೆ ಜಾಗ ಇಲ್ಲ."

ಇರುವುದೊಂದೇ ಗುಂಪು. ವನಮಾಲಾ ದಂಡ ಕಟ್ಟಿದಳು. ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡ ಪಂಕಜಕ್ಕ ಹತ್ತಿರ ಸರಿದು ಕೇಳಿದಳು:

"ಆ ಐಸ್‌ಕ್ರೀಮ್ ಅಂಗ್ಡಿ ಎಲ್ಲಿದ್ಯೇ? ಈ ದಂಡದ ದುಡ್ಡಲ್ಲಿ ನಮ್ಗೆಲ್ಲಾ ಒಂದೊಂದು ಬರುತ್ತೆ ತಾನೆ?"